ಒಗ್ಗರಣೆ ಇಲ್ಲದ ಅಧ್ಯಾಯ

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ, ಈ ನಾಲ್ಕು ತಾಲ್ಲೂಕಿನಲ್ಲಿ ನನ್ನಷ್ಟು ಕಾದಂಬರಿ ಓದಿದವನು ಇನ್ನೊಬ್ಬನಿಲ್ಲ. ಇದ್ದೇನೆ ಎಂದು ಯಾರಾದರೂ ಹೇಳಿದರೆ ಅದು ಸುಳ್ಳು. ಸುಳ್ಳು ಹೇಳುವುದರಲ್ಲೂ ನಾನೇ ಮುಂದು. ಹೊಂಗನೂರಿನ ರೇಷ್ಮೆಗೂಡನ್ನು ರಾಮನಗರದ ಮಾರುಕಟ್ಟೆಗೆ ಸಾಗಿಸುವ ಗೂಡ್ಸ್ ಆಟೋ ನನ್ನದು. ಹರಾಜು ಮುಗಿಯುವ ತನಕ ಸೀಟಿನ ಮೇಲೆ ಕಾಲು ಚಾಚಿ ಓದುತ್ತೇನೆ. ನಾನು ಪುಟ ತಿರುಗಿಸಿದ ಗಾಳಿಗೆ ಬಿಡದಿಯಲ್ಲಿ ಒಣಹಾಕಿದ ಬಟ್ಟೆ ಹಾರುತ್ತದೆ. ಇನ್ನು ನನ್ನ ಗಾಡಿಯ ಹಾರ್ನು. ಒತ್ತಿದರೆ ಎಳೆಮಗು ಅತ್ತ ಹಾಗಿರುತ್ತದೆ. ಅದನ್ನು ಕೇಳಿ ಕೋಡಿಹಳ್ಳಿಯ ಹಸುಗಳಿಗೆ ತಾನಾಗಿ ಹಾಲಿಳಿದದ್ದಕ್ಕೆ ಸಾಕ್ಷಿಗಳಿದ್ದಾರೆ.

ಇಂಥ ಗಾಡಿಗೆ ಒಂದು ಬೆಳಿಗ್ಗೆ ದಿವ್ಯ ಹತ್ತಿದಳು. ಮೈಸೂರಿನ ಹುಡುಗಿ. ರೇಷ್ಮೆ ಸಾಕುವವರ ಬದುಕಿನ ಮೇಲೆ ಪಿಎಚ್‌ಡಿ ಮಾಡಲು ನಮ್ಮೂರ ಕಾವೇರಮ್ಮನ ಮನೆಯಲ್ಲಿ ಉಳಿದುಕೊಂಡಿದ್ದಳು. ಮುಖ ನೋಡಿದರೆ ಸೊಪ್ಪು ತಿನ್ನುವುದು ಬಿಟ್ಟ ಹುಳದ ಹಾಗಿತ್ತು.

"ಯಾಕವ್ವ, ಹಿಂಗಿದ್ದೀಯೆ?"

"ಗೈಡ್ ನನ್ನ ಅಧ್ಯಾಯ ವಾಪಸ್ ಕಳಿಸಿದ್ದಾರೆ ಅಣ್ಣ. ಮಾಹಿತಿ ಇದೆ, ಮನುಷ್ಯರಿಲ್ಲ, ಹೋಗಿ ನಾಲ್ಕು ಕಾದಂಬರಿ ಓದಿ ಕಲಿ ಅಂದಿದ್ದಾರೆ. ಕಾವೇರಮ್ಮನೂ ಒಪ್ತಿಲ್ಲ."

ಕಾವೇರಮ್ಮನ ಷರತ್ತು ಊರಿಗೇ ಗೊತ್ತಿತ್ತು. ತನ್ನ ಮನೆಯ ಬಗ್ಗೆ ಬರೆದದ್ದನ್ನು ಮೊದಲು ತನಗೇ ಓದಿ ಹೇಳಬೇಕು. ಮೆಚ್ಚಿದರೆ ಪುಸ್ತಕಕ್ಕೆ, ಇಲ್ಲದಿದ್ದರೆ ಒಲೆಗೆ. ದಿವ್ಯ ಅದಕ್ಕೆ ಒಪ್ಪಿ ಕೈ ಮೇಲೆ ಕೈ ಹಾಕಿದ್ದಳು. ಈಗ ಆಕೆಯ ವರ್ಷದ ದುಡಿಮೆಯೆಲ್ಲ ಆ ಒಲೆಯ ಬಾಯಲ್ಲಿ ಕೂತಿತ್ತು.

"ಏನ್ ಬರ್ದಿದ್ದೆ, ಓದು ನೋಡಾನ."

ಓದಿದಳು. "ಅಂತಿಮ ಹಂತದಲ್ಲಿ ಕುಟುಂಬದ ಸದಸ್ಯರ ನಡುವಿನ ಮೌಖಿಕ ಸಂವಹನವು ಗಣನೀಯವಾಗಿ ಕಡಿಮೆಯಾಗುತ್ತದೆ."

ನನಗೆ ಎಂಥ ನಿದ್ದೆ ಬಂತೆಂದರೆ ಗಾಡಿಗೂ ಆಕಳಿಕೆ ಬಂತು.

"ಇದುಕ್ಕೆ ಕಾವೇರಮ್ಮ ಏನಂದ್ಲು?"

"ಇದು ಯಾರ ಮನೆ ಕಣವ್ವ, ಆಸ್ಪತ್ರೆದಾ, ಅಂತ ಕೇಳಿದ್ರು."

ಆ ಮನೆಯ ಸಂಗತಿಯೇ ಬೇರೆ. ಹುಳಗಳು ನಾಲ್ಕನೇ ಜ್ವರದಿಂದ, ಅಂದರೆ ಕೊನೆಯ ಸಲ ಪೊರೆ ಬಿಟ್ಟು, ಎದ್ದು ಹಗಲೂ ರಾತ್ರಿ ತಿನ್ನತೊಡಗಿದರೆ ಕಾವೇರಮ್ಮನ ಕಾನೂನು ಜಾರಿಗೆ ಬರುತ್ತದೆ. ಗಟ್ಟಿ ಮಾತಿಲ್ಲ, ಘಾಟು ವಾಸನೆಯಿಲ್ಲ, ಎರಡೂ ಹುಳಕ್ಕೆ ಆಗದಂತೆ. ಒಗ್ಗರಣೆ ಬಂದ್. ಮೂರು ಹೊತ್ತೂ ಮುದ್ದೆ, ಉಪ್ಸಾರು. ಜಗಳವಾಡುವುದಿದ್ದರೂ ಪಿಸುಮಾತಿನಲ್ಲೇ ಆಡಬೇಕು. ಊರಲ್ಲಿ ಇನ್ನಾರೂ ಇಷ್ಟು ಕಟ್ಟುನಿಟ್ಟಿಲ್ಲ. ಆಕೆಯ ಗಂಡ ಚೆಲುವಯ್ಯನಂತೂ ಆ ದಿನಗಳಲ್ಲಿ ಸಾಸಿವೆ ಕಾಳು ಕಂಡರೆ ಕಣ್ಣೀರು ಹಾಕುತ್ತಾನೆ.

ಸರಿ, ನಾನು ಗುರುವಾದೆ. ಒಂದು ಗೋಣಿಚೀಲ ಕಾದಂಬರಿ ಕೊಟ್ಟೆ, ಹೋಗಿ ಬರುವ ದಾರಿಯಲ್ಲಿ ಪಾಠ ಹೇಳಿದೆ.

"ಅವನಿಗೆ ಸಿಟ್ಟು ಬಂತು ಅಂತ ಬರೀಬ್ಯಾಡ ಕಣವ್ವ. ಚೊಂಬು ಎಲ್ಲೋಗಿ ಬಿತ್ತು ಅಂತ ಬರಿ. ಬಡವರು ಅಂತ ಬರೀಬ್ಯಾಡ. ಬಂದೋರ್ಗೆ ಲೋಟ ಕೊಟ್ಟು ತಾವು ಯಾತ್ರಲ್ಲಿ ಕಾಫಿ ಕುಡುದ್ರು ಅಂತ ಬರಿ."

ಹುಡುಗಿ ಹಸಿದ ಹುಳದ ಹಾಗೆ ಓದಿದಳು. ಹೊಸದಾಗಿ ಬರೆದಳು. ಕೊನೆಗೆ ಕಳೆ ಕಟ್ಟಲೆಂದು ನಾನೇ ಒಂದು ವಾಕ್ಯ ಸೇರಿಸಿಕೊಟ್ಟೆ. ಮುಂಜಾನೆ ಇಬ್ಬನಿ ತೊಟ್ಟಿಕ್ಕುವ ಹಿಪ್ಪುನೇರಳೆ ಸೊಪ್ಪನ್ನು ತಂದು ಯಜಮಾನಿ ಹುಳಗಳಿಗೆ ಉಣಿಸುವ ದೃಶ್ಯ. ಅಂಥ ಇಬ್ಬನಿ ಯಾವ ಕಾದಂಬರಿಯಲ್ಲೂ ಬಿದ್ದಿಲ್ಲ. ಹನಿಗೊಂದರಂತೆ ಸೂರ್ಯನನ್ನು ಕೂರಿಸಿದ್ದೆ.

ಹುಳುಮನೆಯ ಬಾಗಿಲಲ್ಲಿ ಕೂತು ದಿವ್ಯ ಮೆತ್ತಗೆ ಓದಿದಳು. ಇಬ್ಬನಿ ಬಂದದ್ದೇ ಕಾವೇರಮ್ಮ ಕೈ ಅಡ್ಡ ಹಿಡಿದಳು.

"ನಾನು ಒದ್ದೆ ಸೊಪ್ಪು ಹಾಕುದ್ನಾ?" ಪಿಸುಮಾತೇ, ಆದರೆ ಹಂಚು ನಡುಗಿತು. "ಒದ್ದೆ ಸೊಪ್ಪು ತಿಂದ್ರೆ ಸಪ್ಪೆ ರೋಗ ಬಂದು ಹುಳ ಸಾಯ್ತವೆ. ಇದ ಓದ್ದೋರು ಈ ಮನೆ ಗೂಡು ಮುಟ್ಟಾರಾ? ನಿಮ್ಮ ಅಂದಚಂದಕ್ಕೆ ನನ್ನ ಹೆಸ್ರು ಕೆಡಿಸ್ಬ್ಯಾಡಿ."

"ಇಬ್ಬನಿ ನಂದು," ಎಂದೆ.

"ಗೊತ್ತು ಕಣ್ಲಾ. ಈ ಮಗೀಗೆ ಸುಳ್ಳೇಳಕೆ ಬರಾಕಿಲ್ಲ." ಆಮೇಲೆ ದಿವ್ಯಳ ಕಡೆ ತಿರುಗಿದಳು. "ಇನ್ನೊಂದೇ ಕಿತ. ಹುಳ ಹಣ್ಣಾಗಿ ಗೂಡು ಕಟ್ಟಕೆ ಚಂದ್ರಿಕೆ ಹತ್ತೋದ್ರೊಳಗೆ. ಆಗ್ಲೂ ನಾನು ಅದ್ರಲ್ಲಿ ಕಾಣ್ದಿದ್ರೆ ಹಾಳೆ ಒಲೆಗೆ, ನೀನು ಮೈಸೂರ್ಗೆ."

ಮಾರನೆಯ ದಿನ ಗಾಡಿಯಲ್ಲಿ ದಿವ್ಯ ಹೇಳಿದಳು: "ಕಾದಂಬರಿಯಿಂದ ಕಣ್ಣು ಕಡ ತರಬಹುದು ಅಣ್ಣ, ಇಬ್ಬನಿ ತರೋ ಹಾಗಿಲ್ಲ. ನಾನು ಕಂಡಿದ್ದು, ಕೇಳಿದ್ದು, ಅಷ್ಟೇ."

"ಸರಿ, ಕಂಡಿದ್ದೇನು ಹೇಳು."

"ಮೊನ್ನೆ ಚೆಲುವಯ್ಯ ಪೇಟೆಯಿಂದ ಬಂದ್ರು. ಕಾವೇರಮ್ಮ ಏನೂ ಕೇಳದೆ ಅವರ ಕಾಲರ್ ಮೂಸಿ ನೋಡಿದ್ರು. ಬಸ್ಸಲ್ಲಿ ಪಕ್ಕದೋನು ಬಜ್ಜಿ ತಿಂತಿದ್ದ ಕಣೆ ಅಂದ್ರು ಇವರು. ಕಾವೇರಮ್ಮ ಗಂಡನ ಚಾಪೆ ತಗೊಂಡು ಹೋಗಿ ಅಂಗಳದಲ್ಲಿ ಹಾಸಿದ್ರು."

"ಇದ ಯಾಕ್ ಬರೀನಿಲ್ಲ?"

"ಇದು ಮಾಹಿತಿ ಅಲ್ಲ ಅಂದ್ಕೊಂಡಿದ್ದೆ."

ನಾನು ಬ್ರೇಕ್ ಹಾಕಿದ ರಭಸಕ್ಕೆ ರಾಮನಗರದ ಬಂಡೆಯೊಂದು ಒಂದು ಗೇಣು ಮುಂದಕ್ಕೆ ಜರುಗಿತು. ಹೋಗಿ ನೋಡಿ, ಈಗಲೂ ಅಲ್ಲೇ ಇದೆ. ಬಸ್ಸೂ ಇಲ್ಲ, ಪಕ್ಕದವನೂ ಇಲ್ಲ ಎಂದು ಆಕೆಗೆ ತಿಳಿಸಿದೆ. ಚೆಲುವಯ್ಯನನ್ನು ಚನ್ನಪಟ್ಟಣದ ಮತೀನನ ತಳ್ಳುಗಾಡಿಗೆ ಮೆಣಸಿನಕಾಯಿ ಬಜ್ಜಿಗೆಂದು ಕದ್ದು ಕರೆದೊಯ್ಯುತ್ತಿದ್ದವನು ಈ ನಾನೇ. ತಿಂದಾದ ಮೇಲೆ ವಾಸನೆ ಹೋಗಲೆಂದು ಆತ ಹಿಪ್ಪುನೇರಳೆ ಎಲೆಯಿಂದ ಮೀಸೆ ಉಜ್ಜಿಕೊಳ್ಳುತ್ತಾನೆ.

ದಿವ್ಯ ಅಷ್ಟಕ್ಕೇ ಬರೆಯಲಿಲ್ಲ. ತಾನೇ ಒಂದು ಸಂಜೆ ನಮ್ಮ ಜೊತೆ ಬಂದು ಎಲ್ಲ ನೋಡಿದಳು, ಬರೆಯಲೇ ಎಂದು ಚೆಲುವಯ್ಯನನ್ನು ಕೇಳಿದಳು.

"ಬರ್ಕೊ ತಾಯಿ," ಎಂದ ಆತ, ಬಾಯಲ್ಲಿ ಬಿಸಿ ಬಜ್ಜಿ ಹೊರಳಿಸುತ್ತ. "ಪಿಎಚ್‌ಡಿ ಪುಸ್ತಕ ಯಾರ್ ಓದಾರು?"

"ಮೊದಲು ಕಾವೇರಮ್ಮನಿಗೇ ಓದಿ ಹೇಳ್ಬೇಕು."

"ಮೊದ್ಲ ಸಲ ಓದ್ದಾಗ ನಿದ್ದೆ ಬಂದಿತ್ತು ಅವ್ಳಿಗೆ. ಬರ್ಕೊ."

ಹೆಸರುಗಳನ್ನೆಲ್ಲ ಆಕೆ ಮರೆಮಾಚಿದಳು. ನಾನು ಬರಿಯ 'ಸ್ನೇಹಿತ' ಆದೆ. ಅದು ನನಗೆ ಹಿಡಿಸಲಿಲ್ಲ. ಹಾರ್ನು ಸೇರಿಸು ಎಂದೆ.

"ಬೇಡ ಅಣ್ಣ, ಗುರುತು ಸಿಕ್ಕಿಬಿಡುತ್ತೆ."

"ಹಾರ್ನ್ ಇಲ್ದಿದ್ರೆ ಗಾಡಿಗೆ ಜೀವ ಎಲ್ಲೈತೆ? ಒಂದು ವಿವರ, ಅದ್ರಲ್ಲೇ ಎಲ್ಲಾ ಇರಾದು. ಹಾಕು." ಗುರುವಿನ ಮಾತು, ಹಾಕಿದಳು.

ಕೊನೆಯ ಓದು ನಡೆದಾಗ ಒಳಗೆ ಹುಳಗಳು ಬಿರುಸಾಗಿ ತಿನ್ನುತ್ತಿದ್ದವು. ಮನೆಮಂದಿ, ಅಕ್ಕಪಕ್ಕದವರು ಬಾಗಿಲಲ್ಲಿ ಉಸಿರು ಬಿಗಿಹಿಡಿದು ಕೂತಿದ್ದರು. ದಿವ್ಯ ಓದತೊಡಗಿದಳು.

"ಯಜಮಾನಿ ಏನೂ ಕೇಳಲಿಲ್ಲ. ಗಂಡನ ಅಂಗಿಯ ಕಾಲರಿಗೆ ಮೂಗು ತಂದಳು. ಗೂಡಿನ ತೂಕ ಅಂದಾಜು ಮಾಡುವವಳ ಹಾಗೆ ಕಣ್ಣು ಮುಚ್ಚಿದಳು."

ಯಾರೋ ಮೂಗಿನಲ್ಲಿ ನಕ್ಕರು. ಕಾವೇರಮ್ಮನ ಸೊಸೆ ರಾಧಾಮಣಿ ಸೆರಗು ಬಾಯಿಗೆ ತುರುಕಿಕೊಂಡಳು. ಎಲೆಯಿಂದ ಮೀಸೆ ಉಜ್ಜುವ ಜಾಗ ಬಂದಾಗ ನಗಲೂ ಆಗದೆ, ಬಿಡಲೂ ಆಗದೆ ಎಲ್ಲರ ಹೆಗಲೂ ಕುಣಿಯತೊಡಗಿದವು. ನಾನು ನುಂಗಿದ ನಗು ಬೆನ್ನು ಹಾಯ್ದು ಹೋಗಿ ಕಣ್ವ ಕೆರೆಯಲ್ಲಿ ಅಲೆ ಎಬ್ಬಿಸಿತು. ಚೆಲುವಯ್ಯ ಮಾತ್ರ ಕಂಬದ ಹಿಂದೆ ಸರಿಯುತ್ತಿದ್ದ. ಆತ ಕಂಬಕ್ಕಿಂತ ದಪ್ಪ.

ಕಾವೇರಮ್ಮ ನಗಲಿಲ್ಲ. ದಿವ್ಯಳಿಗೆ ಓದಿ ಮುಗಿಸಲು ಬಿಟ್ಟಳು. ಆಮೇಲೆ, "ಚಾಪೆ ಹಾಸೋ ಜಾಗ ಇನ್ನೊಂದ್ಸಲ ಓದು," ಎಂದಳು. ಓದಿದಾಗ ಅವಳ ಕೈ ತಾನಾಗಿಯೇ ಚಾಪೆ ಕೊಡವುವ ಹಾಗೆ ಆಡಿತು.

"ನಾನೇ ಕಣವ್ವ ಇದು," ಎಂದಳು. "ಪುಸ್ತಕ್ಕೆ ಹಾಕ್ಕೊ."

ದಿವ್ಯ ಕೂಗಲು ಬಾಯಿ ತೆರೆದವಳು ಹುಳಗಳ ನೆನಪಾಗಿ ಮುಚ್ಚಿಕೊಂಡು, ಕೂತಲ್ಲೇ ರಾಧಾಮಣಿಯನ್ನು ತಬ್ಬಿ ತೂಗಾಡಿದಳು. ನಾನು ಗುರುದಕ್ಷಿಣೆಯ ಯೋಚನೆಯಲ್ಲಿದ್ದೆ.

"ಒಂದು ಮಾತು," ಎಂದಳು ಕಾವೇರಮ್ಮ. "ಆ ಸ್ನೇಹಿತನ ಗಾಡಿ ಹಾರ್ನ್ ಎಂಗೆ ಕೂಗ್ತದೆ ಅಂದೆ?"

ದಿವ್ಯ ಪಾಪ, ಹಾಳೆಯನ್ನು ಬೆನ್ನ ಹಿಂದೆ ಬಚ್ಚಿಟ್ಟಳು.

"ಎಳೆಮಗ ಅತ್ತಂಗೆ," ಎಂದು ಪಿಸುಗುಟ್ಟಿದಳು ರಾಧಾಮಣಿ.

"ಲೇ ನಟರಾಜು, ಒಸಿ ಹತ್ರ ಬಾ."

ಹೋದೆ. ಆಕೆ ನನ್ನ ಕಾಲರಿಗೆ ಮೂಗು ತಂದು ಕಣ್ಣು ಮುಚ್ಚಿದಳು. ಬರೆದದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ಹುಳ ಹಣ್ಣಾಗುವ ತನಕ ಸೊಪ್ಪು ಹೊರುವ ಕೆಲಸ ನನ್ನ ಮತ್ತು ಚೆಲುವಯ್ಯನ ಪಾಲಿಗೆ ಬಂತು. ನಾನು ಹೊತ್ತ ಒಂದೊಂದು ಹೊರೆಯೂ ಸಾವನದುರ್ಗದಷ್ಟಿತ್ತು. ಮಾಗಡಿಯವರು ಬಂದು, ನಮ್ಮ ಬೆಟ್ಟ ಎಲ್ಲಿ ಎಂದು ಕೇಳಿಕೊಂಡು ಹೋದರು. ಎಲೆ ಮಾತ್ರ ಪ್ರತಿಯೊಂದನ್ನೂ ಒರೆಸಿ, ಒಣಗಿದೆಯೇ ಎಂದು ಕೆನ್ನೆಗೆ ಒತ್ತಿ ನೋಡಿಯೇ ಒಳಗೆ ಕೊಟ್ಟೆ. ದಿವ್ಯ ಜಗಲಿಯಲ್ಲಿ ಕೂತು ನೋಡುತ್ತಲೇ ಇದ್ದಳು, ಬರೆಯುತ್ತಲೇ ಇದ್ದಳು.