ಗಂಗಕ್ಕನ ಒಂದು ವರ್ಷ

ಬಿದಿರಿನ ಗಳಕ್ಕೆ ಹೆಗಲು ಕೊಟ್ಟು ನಯನ ಇನ್ನೇನು ಮೇಲೇಳಬೇಕು, ಅಷ್ಟರಲ್ಲಿ ಸದಾಶಿವಯ್ಯನವರು ಅಡ್ಡ ಬಂದು ನಿಂತರು.

"ಇಳಿಸಮ್ಮ ಕೆಳಕ್ಕೆ. ಹೆಂಗಸ್ರು ಹೆಣ ಹೊತ್ತಿದ್ದು ಈ ಶೆಟ್ಟಿಕೆರೇಲಿ ಯಾವತ್ತಾರ ಕಂಡಿದ್ದೀಯಾ?"

"ಇಲ್ಲ ಸಾವ್ಕಾರ್ರೆ. ಇವತ್ತು ಕಾಣಾನ ಬುಡಿ."

ನಯನ ಗಳದಿಂದ ಹೆಗಲು ತೆಗೆಯಲಿಲ್ಲ. ಅವಳ ಹಿಂದೆ ತಾಯಿ ಚಿಕ್ಕಗೌರಮ್ಮ, ಆ ಬದಿಗೆ ಇನ್ನಿಬ್ಬರು ಹೆಂಗಸರು. ನಾಲ್ವರ ನಡುವೆ, ಹೆಣ ಕೂರಿಸಿ ಒಯ್ಯುವ, ಬಾಳೆಕಂದು ಸೇವಂತಿಗೆ ಕಟ್ಟಿದ ವಿಮಾನದಲ್ಲಿ, ಹಣೆ ತುಂಬ ವಿಭೂತಿ ಬಳಿಸಿಕೊಂಡು ಗಂಗಕ್ಕ ಕುಳಿತಿದ್ದರು. ಕಣ್ಣಿಗೆ ಕನ್ನಡಕ ಇತ್ತು. ಅದನ್ನು ತೆಗೆಯಲು ಬಂದವರ ಕೈಯನ್ನು ಬೆಳಿಗ್ಗೆ ಚಿಕ್ಕಗೌರಮ್ಮನೇ ತಳ್ಳಿದ್ದಳು. "ಇರ್ಲಿ ಬುಡಿ. ಅದಿಲ್ದಿದ್ರೆ ಮಕ್ಳಿಗೆ ಗುರ್ತೇ ಸಿಕ್ಕಲ್ಲ."

ಗಂಗಕ್ಕನ ಪೂರ್ತಿ ಹೆಸರು ಸಿದ್ದಗಂಗಮ್ಮ. ಕೊಬ್ಬರಿ ವ್ಯಾಪಾರದ ಸದಾಶಿವಯ್ಯನವರ ಒಬ್ಬಳೇ ತಂಗಿ. ವಯಸ್ಸು ಐವತ್ತೇಳು, ಮದುವೆಯಾಗಿರಲಿಲ್ಲ. ಮೂವತ್ತು ವರ್ಷದಿಂದ ಊರಾಚೆ ತಾವೇ ಕಟ್ಟಿಸಿದ ಶಾಲೆಯ ಹಿಂದಿನ ಕೋಣೆಯಲ್ಲಿದ್ದರು. ನಿನ್ನೆ ಮಧ್ಯಾಹ್ನ ಪಾಠ ಹೇಳುತ್ತಲೇ ಕುರ್ಚಿಗೆ ಒರಗಿದವರು ಮತ್ತೆ ಏಳಲಿಲ್ಲ. ಅಮ್ಮನ ಪಕ್ಕದಲ್ಲಿ ಮಣ್ಣು ಮಾಡಿ ಎಂಬುದೊಂದನ್ನೇ ಅವರು ಬರೆದಿಟ್ಟಿದ್ದರು. ಅಮ್ಮನ ಸಮಾಧಿ ಇದ್ದದ್ದು ಅಣ್ಣನ ತೋಟದಲ್ಲಿ. ಹಾಗಾಗಿ ಅವರನ್ನು ಅಣ್ಣನ ಅಂಗಳಕ್ಕೆ ತರಬೇಕಾಗಿ ಬಂತು.

ಬೀದಿಯಲ್ಲಿ ಕಾರೊಂದು ನಿಂತ ಸದ್ದಾಯಿತು. ಬಿಳಿ ಸೀರೆಯುಟ್ಟ ಮುದುಕಿಯೊಬ್ಬರು ಕೋಲೂರಿಕೊಂಡು ಇಳಿದರು. ಎದೆಯ ಮೇಲೆ ಸಣ್ಣ ಶಿಲುಬೆ. ಅಂಗಳದಲ್ಲಿ ಗುಸುಗುಸು ಎದ್ದಿತು.

"ನೋಡ್ರಪ್ಪ, ಬಂದ್ರು," ಎಂದರು ಸದಾಶಿವಯ್ಯ. "ನನ್ ತಂಗೀನ ಕೆಡಿಸಿದ್ದು ಇವ್ರೇಯ."

* * *

೧೯೮೯ರಲ್ಲಿ ತಿಪಟೂರಿನ ಕಾಲೇಜಿನಲ್ಲಿ ಬಿ.ಎ. ಮುಗಿಸಿದ ಸಿದ್ದಗಂಗಮ್ಮನಿಗೆ ಅರಸೀಕೆರೆ ಕಡೆಯ ಗಂಡು ಗೊತ್ತಾಗಿತ್ತು. ಅದೇ ತಿಂಗಳು ಕಾಲೇಜಿನ ಬೋರ್ಡಿನ ಮೇಲೆ ಒಂದು ಚೀಟಿ ಕಂಡಳು. ಕನಕಪುರದ ಆಚೆ, ಕಲ್ಲು ಕ್ವಾರಿಯ ಕೂಲಿಗಳ ಮಕ್ಕಳಿಗೆ ಕ್ರೈಸ್ತ ಸನ್ಯಾಸಿನಿಯರು ನಡೆಸುವ ಶಾಲೆ. ಒಂದು ವರ್ಷ ಪಾಠ ಹೇಳುವವರು ಬೇಕು. ಊಟ ಉಂಟು, ಹಾಸಿಗೆ ಉಂಟು, ಸಂಬಳ ಇಲ್ಲ. ಯಾವ ಮತದವರೂ ಬರಬಹುದು.

"ಒಂದೇ ವರ್ಷ ಅಪ್ಪಾಜಿ. ಆಮೇಲೆ ನೀವು ಹೇಳ್ದಂಗೆ," ಎಂದು ಅಳದೆ, ಅಂಗಲಾಚದೆ ಹೇಳಿ ಟ್ರಂಕು ಹಿಡಿದು ಬಸ್ಸು ಹತ್ತಿದಳು.

ಮೊದಲ ದಿನವೇ ಎಡವಿದಳು. ಹಿಂದಿನ ಸಾಲಿನಲ್ಲಿ ಏಳು ವರ್ಷದ ಹುಡುಗಿಯೊಬ್ಬಳು ಸೊಂಟದ ಮೇಲೆ ತಮ್ಮನನ್ನು ಕೂರಿಸಿಕೊಂಡು ನಿಂತಿದ್ದಳು. ಕೂಸು ಅಳತೊಡಗಿತು. ಪಾಠ ಕೆಡುತ್ತದೆಂದು ಸಿದ್ದಗಂಗಮ್ಮ ಅವಳನ್ನು ಹೊರಗೆ ಕಳಿಸಿದಳು. ಸಂಜೆ ಹೆಡ್‌ಮಿಸ್ಟ್ರೆಸ್ ಸಿಸ್ಟರ್ ಬೆನೆಡಿಕ್ಟಾ ಕರೆದು ಮೆಲ್ಲಗೆ ಹೇಳಿದರು: "ಆ ಹುಡುಗಿ ಇನ್ನು ಬರುವುದಿಲ್ಲ ಮಾರಾಯ್ತಿ. ನೀನು ಕಳಿಸಿದ್ದೀ, ನೀನೇ ಹೋಗಿ ಕರೆದುಕೊಂಡು ಬಾ."

ಬೆಳಗಾಗುತ್ತಲೇ ನಡೆದು ಹೋದಳು. ಹುಡುಗಿ ಬಿಸಿಲಲ್ಲಿ ಕೂತು ಜಲ್ಲಿ ಒಡೆಯುತ್ತಿದ್ದಳು. ಕೂಸು ಹರಕು ಗೋಣಿಯ ನೆರಳಲ್ಲಿ ಮಲಗಿತ್ತು. ಸಿದ್ದಗಂಗಮ್ಮ ಏನೂ ಹೇಳದೆ ಕೂಸನ್ನು ಎತ್ತಿಕೊಂಡು ಶಾಲೆಯ ಕಡೆ ಹೊರಟಳು. ಹುಡುಗಿ ಸುತ್ತಿಗೆ ಬಿಸಾಕಿ ಹಿಂದೆ ಓಡಿಬಂದಳು. ಆ ವರ್ಷವೆಲ್ಲ ಸೊಂಟದಲ್ಲಿ ಯಾರದಾದರೂ ಕೂಸು, ಕೈಯಲ್ಲಿ ಸೀಮೆಸುಣ್ಣ, ಹೀಗೇ ಪಾಠ ನಡೆಯಿತು. ಮುಂಜಾನೆ ಸಿಸ್ಟರುಗಳು ಪ್ರಾರ್ಥನೆಗೆ ಕೂತಾಗ ಅವಳೂ ಹಿಂದಿನ ಬೆಂಚಿನಲ್ಲಿ ಕೂತು ಅಂಗೈ ಮೇಲೆ ಲಿಂಗವಿಟ್ಟುಕೊಂಡು ತನ್ನ ಪೂಜೆ ಮುಗಿಸುತ್ತಿದ್ದಳು. ಯಾರೂ ಯಾರನ್ನೂ ಏನೂ ಕೇಳಲಿಲ್ಲ.

ಊರು ಮಾತ್ರ ಕೇಳಿತು. ಜಾತಿ ಕೆಟ್ಟು ಬಂದಿದ್ದಾಳೆಂದು ಗಂಡಿನ ಕಡೆಯವರು ಸಂಬಂಧ ಮುರಿದರು. ಅವಳಿಗೆ ಅದನ್ನು ಯೋಚಿಸಲೂ ಪುರುಸೊತ್ತಿರಲಿಲ್ಲ. ವರ್ಷ ಮುಗಿಸಿ ಊರಿಗೆ ಬಂದ ಮಾರನೇ ದಿನ ಅಪ್ಪನ ಗೋದಾಮಿಗೆ ಹೋದಳು. ಹುಟ್ಟಿದಾಗಿನಿಂದ ಆಡಿಕೊಂಡು ಬೆಳೆದ ಜಾಗ. ಹೆಂಗಸರು ಕೂತು ಒಣಗಿದ ಕಾಯಿಯ ಚಿಪ್ಪು ಒಡೆದು ಕೊಬ್ಬರಿ ಬಿಡಿಸುತ್ತಿದ್ದರು. ಪಕ್ಕದ ಚಿಪ್ಪಿನ ರಾಶಿಯಲ್ಲಿ ಅವರ ಮಕ್ಕಳು ಮಲಗಿದ್ದವು. ಅವಳ ಇಪ್ಪತ್ತೆರಡು ವರ್ಷವೂ ಅಂಥ ಮಕ್ಕಳು ಅಲ್ಲೇ ಇದ್ದವು. ಅವಳ ಕಣ್ಣಿಗೆ ಬಿದ್ದದ್ದು ಅವತ್ತು.

ಗೋದಾಮಿನ ಒಂದು ಮೂಲೆ ಕೇಳಿದಳು. ಅಪ್ಪ ಕೊಡಲಿಲ್ಲ. ರಸ್ತೆ ಬದಿಯ ಹುಣಸೆಮರದ ಕೆಳಗೆ ಕೂತಳು. ನಾಲ್ಕು ವರ್ಷ ಕಳೆದ ಮೇಲೆ ಆ ಮರದ ಕೆಳಕ್ಕೆ, ಚಿಕ್ಕಗೌರಮ್ಮನ ಸೆರಗು ಹಿಡಿದುಕೊಂಡು, ಆರು ವರ್ಷದ ನಯನ ಬಂದಳು. ಮರದಡಿಯ ಪಾಠ ಟ್ರಸ್ಟ್ ಆಯಿತು. ಮೂರು ತಾಲ್ಲೂಕಿನಲ್ಲಿ ಹನ್ನೊಂದು ಶಾಲೆಗಳಾದವು. ಅಲ್ಲಿ ಓದಿ ಡಿಗ್ರಿ ಮುಗಿಸಿದ ಪ್ರತಿ ಹುಡುಗಿಗೂ ಗಂಗಕ್ಕನದು ಒಂದೇ ಕೇಳಿಕೆ: ಒಂದು ವರ್ಷ ಬಂದು ಪಾಠ ಹೇಳು. ನಯನ ಆ ಒಂದು ವರ್ಷಕ್ಕೆಂದು ಬಂದವಳು, ಹದಿನೈದು ವರ್ಷವಾದರೂ ಹೋಗಿರಲಿಲ್ಲ.

* * *

"ಈಗ ಎಲ್ರ ಮುಂದೆ ಹೇಳಿ," ಸದಾಶಿವಯ್ಯನವರು ಸಿಸ್ಟರ್ ಬೆನೆಡಿಕ್ಟಾ ಕಡೆ ತಿರುಗಿದರು. "ನನ್ ತಂಗೀನ ನಿಮ್ ಕಡೆ ಸೇರಿಸ್ಕಂಡಿದ್ರೋ ಇಲ್ವೋ? ಸೇರಿಸ್ಕಂಡಿದ್ರೆ ನಮ್ಮವ್ವನ ಪಕ್ಕ ನಾನು ಮಣ್ಣು ಕೊಡಕ್ಕಿಲ್ಲ."

ಸಿಸ್ಟರ್ ಬಾಯಿ ತೆರೆದರು. ನಯನ ಗಳ ಬಿಟ್ಟು ಎದ್ದಳು.

"ಹೇಳ್ಬೇಡಿ ಸಿಸ್ಟರ್."

ಬೆಳಿಗ್ಗೆ ಗಂಗಕ್ಕನಿಗೆ ನೀರು ಹಾಕಿದ್ದು ನಯನ ಮತ್ತು ಅವಳ ತಾಯಿ. ಕೊರಳಲ್ಲಿ ಏನಿದೆ, ಏನಿಲ್ಲ ಎಂದು ಅವಳಿಗೆ ಗೊತ್ತಿತ್ತು. ಒಂದು ಮಾತು ಹೇಳಿದರೆ ಅಂಗಳ ತಣ್ಣಗಾಗುತ್ತಿತ್ತು. ಆ ಒಂದು ಮಾತನ್ನೇ ಗಂಗಕ್ಕ ಮೂವತ್ತೈದು ವರ್ಷ ಯಾರಿಗೂ ಹೇಳಿರಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ, ಮದುವೆ ಮನೆಯಲ್ಲಿ, ಯಾರು ಕೇಳಿದರೂ, "ನಮ್ಮ ಶಾಲೆ ಮಕ್ಳು ಓದ್ತವಾ ಅಂತ ಕೇಳಿ, ಹೇಳ್ತೀನಿ," ಎಂದು ನಡೆದುಬಿಡುತ್ತಿದ್ದರು.

"ಅವ್ರು ಬದುಕಿದ್ದಾಗ ಕೊಡದ ಉತ್ತರಾನ ನಾವ್ಯಾಕೆ ಕೊಡಾನ ಸಾವ್ಕಾರ್ರೆ?" ಎಂದಳು. "ಇಲ್ಲ ಅಂದ್ರೆ ತಂಗಿ, ಹೌದು ಅಂದ್ರೆ ಯಾರೋ ಅನ್ನಂಗಿದ್ರೆ, ಅವ್ರು ಯಾವತ್ತು ನಿಮ್ ತಂಗಿಯಾಗಿದ್ರು?"

ಸದಾಶಿವಯ್ಯನವರ ಮುಖ ಕೆಂಪಾಯಿತು. ನಯನಳನ್ನು ಬಿಟ್ಟು ಗಳಕ್ಕೆ ಹೆಗಲು ಕೊಟ್ಟಿದ್ದ ಹೆಂಗಸರ ಕಡೆ ತಿರುಗಿದರು. ಮೂವರೂ ಅವರ ಗೋದಾಮಿನಲ್ಲಿ ಚಿಪ್ಪು ಒಡೆಯುವವರು.

"ಹೆಗಲು ಕೊಟ್ಟೋರು ನಾಳೆಯಿಂದ ಗೋದಾಮಿನ ಬಾಗ್ಲಿಗೆ ಬರ್ಬೇಡಿ."

ಮೂಲೆಯಲ್ಲಿದ್ದವಳೊಬ್ಬಳು ತಲೆ ತಗ್ಗಿಸಿ ಗಳದಿಂದ ಸರಿದಳು. ಅವಳಿಗೆ ಮನೆಯಲ್ಲಿ ಹಾಸಿಗೆ ಹಿಡಿದ ಗಂಡ. ನಯನಳಿಗೆ ಕೋಪ ಬರಲಿಲ್ಲ, ತನ್ನ ಗಳಕ್ಕೆ ಮರಳಿದಳು. ಚಿಕ್ಕಗೌರಮ್ಮ ಮಾತ್ರ ಸೆರಗನ್ನು ಮಡಿಸಿ ಹೆಗಲ ಮೇಲೆ ದಪ್ಪಗೆ ಇಟ್ಟುಕೊಂಡಳು, ಗಳ ಒತ್ತದ ಹಾಗೆ.

"ಆಗ್ಲಿ ಬುಡಿ ಸಾವ್ಕಾರ್ರೆ. ಬರಾಕಿಲ್ಲ. ಏಳ್ರೇ ನೀವು, ಬಿಸ್ಲು ಏರ್ತಾ ಐತೆ."

"ಮೂರು ಜನ ಎತ್ತಕ್ಕಾಯ್ತದೇನಮ್ಮಿ?" ಎಂದು ಯಾರೋ ನಕ್ಕರು.

ಒಳಗಿನಿಂದ ಲಿಖಿತಾ ಬಂದಳು. ಸದಾಶಿವಯ್ಯನವರ ಕೊನೆಯ ಮಗಳು, ಇಪ್ಪತ್ತೆರಡು ವರ್ಷ. ಯಾರ ಮುಖವನ್ನೂ ನೋಡದೆ ಖಾಲಿಯಾಗಿದ್ದ ಮೂಲೆಗೆ ಹೋಗಿ ಕೂತು ಹೆಗಲು ಕೊಟ್ಟಳು.

"ಲಿಖಿತಾ! ನಡಿ ಒಳಕ್ಕೆ."

"ಇಲ್ಲ ಅಪ್ಪಾಜಿ. ಅತ್ತೆ ಹತ್ರ ಹೆಸ್ರು ಕೊಟ್ಟಿದ್ದೀನಿ. ಜೂನ್‌ನಿಂದ ಒಂದು ವರ್ಷ, ಚಿಕ್ಕನಾಯಕನಹಳ್ಳಿ ಶಾಲೇಲಿ. ನಿಮ್ಗೆ ನಾಳೆ ಹೇಳಾನ ಅಂತಿದ್ದೆ."

"ಒಂದು ವರ್ಷ," ಎಂದರು ಸದಾಶಿವಯ್ಯ. ಅವರಪ್ಪ ಇದೇ ಅಂಗಳದಲ್ಲಿ ನಿಂತು ಇದೇ ಮಾತು ಕೇಳಿಸಿಕೊಂಡದ್ದನ್ನು ಅವರು ಇಪ್ಪತ್ತೆಂಟರ ವಯಸ್ಸಿನಲ್ಲಿ ಕಣ್ಣಾರೆ ಕಂಡಿದ್ದರು. ದಾರಿ ಬಿಟ್ಟು ಪಕ್ಕಕ್ಕೆ ಸರಿದರು.

ವಿಮಾನ ಒಮ್ಮೆ ವಾಲಿತು, ನೆಟ್ಟಗಾಯಿತು, ಮೇಲೆದ್ದಿತು.

* * *

ನಯನಳಿಗೆ ಇಪ್ಪತ್ತೆರಡಾಗಿದ್ದಾಗ ತುಮಕೂರಿನ ಒಂದು ಕಚೇರಿಯಲ್ಲಿ, ಗೋದಾಮಿನ ಮಕ್ಕಳ ಸಲುವಾಗಿ ಕರೆದ ಸಭೆಯಲ್ಲಿ, ಎಂಟು ಜನ ಅಧಿಕಾರಿಗಳ ಎದುರು, ಗಂಗಕ್ಕ ಫೈಲನ್ನು ಅವಳ ಮುಂದೆ ತಳ್ಳಿದ್ದರು. "ಇವತ್ತು ನೀನು ಮಾತಾಡು."

"ಅಯ್ಯೋ ಅಕ್ಕ, ನಂಗೆ ಬರಲ್ಲ. ನಾಲಿಗೆ ಒಣಗ್ತೈತೆ."

"ಅದಕ್ಕೇ ನೀರಿಟ್ಟಿರೋದು ಕಣೇ. ಚಿಪ್ಪಿನ ರಾಶೀಲಿ ಮಲಗಿದ್ದೋಳು ನೀನು. ಅದರ ಸುದ್ದಿ ನಾನು ಹೇಳಿದ್ರೆ ಕತೆ, ನೀನು ಹೇಳಿದ್ರೆ ಸಾಕ್ಷಿ."

ನಯನ ತೊದಲಿದಳು, ಬೆವರಿದಳು, ಕೊನೆಗೆ ಮೇಜು ಗುದ್ದಿದಳು. ಹೊರಗೆ ಬಂದ ಮೇಲೆ ಗಂಗಕ್ಕ ಹೋಟೆಲಿನಲ್ಲಿ ಎರಡೆರಡು ಮಸಾಲೆ ದೋಸೆ ತಿನ್ನಿಸಿದರು. "ಮೇಜು ಮಾತ್ರ ಇನ್ನೊಸಿ ಮೆಲ್ಲಗೆ ಗುದ್ದು," ಎಂದರು, ಅಷ್ಟೆ.

* * *

ತೋಟದ ದಾರಿಯಲ್ಲಿ ಮೂರು ಕಡೆ ಹೆಗಲು ಬದಲಾಯಿಸಿದರು. ಪ್ರತಿ ಸಲವೂ ಗುಂಪಿನಿಂದ ಹೊಸ ಹೆಂಗಸರು ಮುಂದೆ ಬಂದರು. ಅಂಗಳದಲ್ಲಿ ಸರಿದು ನಿಂತಿದ್ದವಳೂ ಮೂರನೆಯ ಸಲ ಬಂದು ಗಳ ಹಿಡಿದಳು. ಸಿಸ್ಟರ್ ಬೆನೆಡಿಕ್ಟಾ ಕೋಲೂರಿಕೊಂಡು ಕೊನೆಯವರೆಗೂ ನಡೆದರು. ಗಂಡಸರು ಹಿಂದೆ ಬಂದರು. ಎಲ್ಲರಿಗಿಂತ ಹಿಂದೆ ಸದಾಶಿವಯ್ಯ.

ಗುಂಡಿಯ ಅಂಚಿನಲ್ಲಿ ವಿಮಾನ ಇಳಿಸಿದಾಗ, ಕ್ರಿಯೆ ಮಾಡಿಸಲು ಬಂದಿದ್ದ ಅಯ್ಯನವರು, "ಲಿಂಗ ಅಂಗೈಗೆ ಕೊಡ್ಬೇಕು. ಐತೇನಮ್ಮ?" ಎಂದು ಅಳುಕುತ್ತಲೇ ಕೇಳಿದರು. ನಯನ ಗಂಗಕ್ಕನ ಕೊರಳಿನ ದಾರ ಬಿಚ್ಚಿದಳು. ಉಜ್ಜಿ ಉಜ್ಜಿ ಸವೆದಿದ್ದ ಬೆಳ್ಳಿ ಕರಡಿಗೆಯಿಂದ ಲಿಂಗ ತೆಗೆದು ಅಯ್ಯನವರಿಗೆ ಒಪ್ಪಿಸಿದಳು. ಎಲ್ಲರೂ ನೋಡಿದರು.

ಸದಾಶಿವಯ್ಯನವರು ಹತ್ತಿರ ಬಂದರು. "ಇದ್ನ ಅಂಗಳದಲ್ಲೇ ಹೇಳ್ಬಾರ್ದಾಗಿತ್ತಾ?"

"ಅಂಗಳದಲ್ಲಿ ನೀವು ಕೇಳ್ಬಾರ್ದಾಗಿತ್ತು," ಎಂದಳು ನಯನ.

"ಗುಂಡಿಗೆ ಇಳಿಯೋರು ಯಾರಪ್ಪ?" ಅಯ್ಯನವರು ಕೂಗಿದರು. ಗಂಡಸರು ಒಬ್ಬರ ಮುಖ ಒಬ್ಬರು ನೋಡಿದರು. ಅಷ್ಟರಲ್ಲಿ ಚಿಕ್ಕಗೌರಮ್ಮ ಸೀರೆ ಎತ್ತಿ ಸಿಕ್ಕಿಸಿಕೊಂಡು ಇಳಿದಾಗಿತ್ತು. ನಯನಳೂ ಇಳಿದಳು. ಒಳಗೆ ಮಣ್ಣು ತಣ್ಣಗಿತ್ತು. ತೆಂಗಿನ ಬೇರುಗಳು ಗೋಡೆಯಿಂದ ಚಾಚಿಕೊಂಡಿದ್ದವು. ತಲೆ ಎತ್ತಿದರೆ ಒಂದಿಷ್ಟು ಆಕಾಶ, ಸುತ್ತ ಬಗ್ಗಿದ ಮುಖಗಳು.

ಮೇಲೆ ಸದಾಶಿವಯ್ಯನವರು ತಂಗಿಯನ್ನು ತೋಳುಗಳ ಕೆಳಗೆ ಹಿಡಿದು ಅಂಚಿಗೆ ತಂದರು. ಕೆಳಗಿನಿಂದ ಚಿಕ್ಕಗೌರಮ್ಮನ ಎರಡು ಕೈ ಮೇಲೆದ್ದವು. ಚಿಪ್ಪು ಸೀಳಿ ಸೀಳಿ ಗೀರು ಬಿದ್ದ, ಉಗುರು ಕಪ್ಪಾದ ಕೈಗಳು.

"ಕೊಡಿ ಸಾವ್ಕಾರ್ರೆ," ಎಂದಳು ಚಿಕ್ಕಗೌರಮ್ಮ.

ಅವರು ಒಂದು ಗಳಿಗೆ ಹಾಗೇ ಹಿಡಿದುಕೊಂಡಿದ್ದರು. ಆಮೇಲೆ ಸೊಂಟದವರೆಗೂ ಬಾಗಿ, ತಂಗಿಯ ಭಾರವನ್ನೆಲ್ಲ ಆ ಕೈಗಳಿಗೆ ಇಳಿಸಿದರು.