ಕಿಟಕಿಯ ಒಣದ್ರಾಕ್ಷಿ

ಹೋದ ವರ್ಷ ತ್ರಿಶಲಾ ಜೈನ ದೀಕ್ಷೆ ತೆಗೆದುಕೊಂಡು, ಆರ್ಯಿಕೆ ಎಂಬ ಸನ್ಯಾಸಿನಿಯಾಗಿ ತ್ಯಾಗಿಗಳ ಸಂಘದ ಜೊತೆ ನಡೆದುಹೋದ ಮೇಲೆ ಖಾಸಬಾಗದ ಮನೆಯಲ್ಲಿ ಅವಳ ಗಂಡ ನೇಮಿನಾಥನಿಗೆ ಉಳಿದದ್ದು ಒಂದು ಗಾಜಿನ ಬರಣಿ. ಹೊರಡುವ ಮುಂಚೆ ಅವಳು ಮಾಳಿಗೆಯ ಮೇಲೆ ಒಣಗಿಸಿದ್ದ ದ್ರಾಕ್ಷಿ, ಊರ ಬಾಯಲ್ಲಿ ಮಣೂಕ, ಅದರೊಳಗಿತ್ತು. ಕಣ್ಣೆದುರಿಗಿರಲಿ ಎಂದು ಅಡಿಗೆಮನೆಯ ಕಿಟಕಿಯಲ್ಲಿಟ್ಟ. ಬೆಳಗಿನ ಚಹಾ ಹಿಡಿದು ಒಣದ್ರಾಕ್ಷಿಯ ಜೊತೆ ಒಣ ಹರಟೆ; ನಡುನಡುವೆ ಅವಳ ದನಿ ತೆಗೆದು ತನ್ನನ್ನೇ ಬೈದುಕೊಳ್ಳುವುದೂ ಇತ್ತು. ಒಂದು ಕಾಳನ್ನೂ ತಿಂದಿರಲಿಲ್ಲ.

ಈ ಚಾತುರ್ಮಾಸಕ್ಕೆ ಸಂಘ ಖಾನಾಪುರದಲ್ಲಿ ತಂಗಿತು. ಆಹಾರ ಕೊಡುವ ಸರದಿ ನೇಮಿನಾಥನಿಗೂ ಬಂತು. ಈಗ ಅವಳು ಎಲ್ಲರಿಗೂ ಮಾತಾಜಿ, ಅವನಿಗೂ. ಮಾತು ಬೇಡ, ಅವಳೇ ಒಣಗಿಸಿದ ನಾಲ್ಕು ಕಾಳು ತನ್ನ ಕೈಯಿಂದ ಅವಳ ಬೊಗಸೆಗೆ ಬಿದ್ದರೆ ಸಾಕು ಎಂದುಕೊಂಡು ಬರಣಿ ಹೊತ್ತು ಹೋದ.

ಅಡಿಗೆಗೆಂದು ಜೊತೆ ಬಂದಿದ್ದ ನೆರೆಮನೆಯ ಪ್ರಮಿಳಾ ಅದನ್ನು ತಟ್ಟೆಗೆ ಸುರುವಿದಳು.

"ಅಣ್ಣಾರ, ಇವು ಮಣೂಕೋ, ತಪಕೀರದ ಉಂಡಿಯೋ?"

ಹೊರಡುವಾಗ ತ್ರಿಶಲಾ ನೆರೆಹೊರೆಗೂ ಹಂಚಿದ್ದರಲ್ಲಿ ಒಂದು ಹಿಡಿ ಪ್ರಮಿಳಾಳೂ ತಂದಿದ್ದಳು. ಅವು ಇನ್ನೂ ಹಸಿರು ಬೆರೆತ ಹೊಂಬಣ್ಣ. ಪಕ್ಕದಲ್ಲಿಟ್ಟರೆ ಅವನವು ಥೇಟು ನಶ್ಯ. ದಿನಾ ನೋಡುತ್ತಿದ್ದವನಿಗೆ ಅವು ಯಾವಾಗ ಬಣ್ಣ ಬಿಟ್ಟವೆಂಬುದೇ ತಿಳಿದಿರಲಿಲ್ಲ.

ಬಣ್ಣ ತಿರುಗಿದ ಪದಾರ್ಥ ತ್ಯಾಗಿಗಳ ಬೊಗಸೆಗೆ ಸಲ್ಲದು ಎಂದಳು ಪ್ರಮಿಳಾ. ರುಚಿ ಹಾಗೇ ಇದೆಯೆಂದು ಅವನು ವಾದಿಸಿದ. ತಿಂದು ನೋಡಿದ್ದೀರೇನು ಎಂದು ಅವಳು ಕೇಳಿದಳು. ಅವನು ತನ್ನ ಕಾಳುಗಳನ್ನು ಮತ್ತೆ ಬರಣಿಗೆ ತುಂಬಿದ.

"ಇವೂ ಅವ್ರ ಕೈಯಾನವ," ಪ್ರಮಿಳಾ ತನ್ನ ಹಿಡಿಯನ್ನು ಮುಂದೆ ಮಾಡಿದಳು. "ನೀವ ಹಾಕ್ರಿ."

"ಕೆಡದಂಗ ಇಟ್ಟವ್ರು ಹಾಕಬೇಕ್ರಿ," ಎಂದ.

ಬಾಗಿಲಲ್ಲಿ ನಿಂತು ಮೂರು ಸಲ ವಂದಾಮಿ ಹೇಳಿದ. ಮಾತಾಜಿ ಬಂದು ಕುಳಿತರು. ಪ್ರಮಿಳಾ ಹಾಕಿದ ಕಾಳುಗಳನ್ನು ಹೆಬ್ಬೆರಳಿನಿಂದ ಒಂದೊಂದಾಗಿ ಹೊರಳಿಸಿ ನೋಡಿ ತಿಂದರು. ಗುರುತು ಸಿಕ್ಕಿತೋ ಇಲ್ಲವೋ, ಮುಖದಲ್ಲಿ ಏನೂ ಕಾಣಲಿಲ್ಲ. ನೇಮಿನಾಥನ ಪಾಲಿಗೆ ಬಂದದ್ದು ಬಿಸಿನೀರು ಎರೆಯುವುದು. ಅದಕ್ಕೂ ಬೇಗನೆ ಬೊಗಸೆ ಮುಚ್ಚಿತು.

ಪಾತ್ರೆ ತೊಳೆಯುವಾಗ, ನೀವು ಎಲ್ಲಿಟ್ಟಿದ್ದಿರಿ ಎಂದು ಪ್ರಮಿಳಾಳನ್ನು ಕೇಳಿದ. ಬಿಗಿ ಮುಚ್ಚಳದ ತಗಡಿನ ಡಬ್ಬಿಯಲ್ಲಿ, ಅಕ್ಕಿ ಚೀಲದ ಹಿಂದೆ. ಬೆಳಕೂ ಇಲ್ಲ, ಸೆಕೆಯೂ ಇಲ್ಲ. ಇಟ್ಟದ್ದೇ ತನಗೆ ಮರೆತುಹೋಗಿತ್ತಂತೆ.

"ಹಂಗ ಮರತ ಇಡಬೇಕಿತ್ತೇನ್ರಿ," ಎಂದ ನೇಮಿನಾಥ. "ಅದು ನನ್ನ ಕೈಲೆ ಆಗ್ತಿದ್ದಿಲ್ಲ ಬಿಡ್ರಿ."