ಕಾಲು ತೋರಿಸಿ ಇಳೀರಿ

ಅಮಾವಾಸ್ಯೆಯ ದಿನ ಬೆಳಿಗ್ಗೆಯೇ ಕಳಕಮ್ಮ ಬಂದು ಬಾವಿಯ ಮೇಲಿನ ಮೆಟ್ಟಿಲಿಗೆ ಅಡ್ಡಲಾಗಿ ಕೂತಳು. ನೀರಿಗೆ ಬಂದ ಹೆಂಗಸರು ಮುದುಕಿಗೆ ತಲೆ ಕೆಟ್ಟಿತೆಂದು ನಕ್ಕರು. ಅವಳ ತಲೆ ನೆಟ್ಟಗೇ ಇತ್ತು. ಕೆಟ್ಟಿದ್ದು ಊರ ಕಮಿಟಿಯ ತಲೆ.

ಕುಷ್ಟಗಿಗೂ ಯಲಬುರ್ಗಾಕ್ಕೂ ನಡುವಿನ ಆ ಊರಿಗೆ ನಿಜಾಮ ಸರ್ಕಾರ ಪುರಸಭೆಯ ಕಮಿಟಿ ಕೊಟ್ಟು ಕೆಲವು ವರ್ಷಗಳಾಗಿದ್ದವು. ಬೀದಿಗೆ ಕಂದೀಲು ಬಂದವು, ಸಂತೆಗೆ ಕಟ್ಟೆ ಬಂತು, ಕಸ ಎತ್ತಲು ಬಂಡಿಯೂ ಬಂತು. ನಾರುಹುಣ್ಣು ಮಾತ್ರ ಎಲ್ಲಿಗೂ ಹೋಗಲಿಲ್ಲ. ಬೇಸಿಗೆ ಬಂತೆಂದರೆ ಮನೆಗೊಬ್ಬರ ಕಾಲಿನಿಂದ ದಾರದಂಥ ಹುಳ ತಲೆ ಹೊರಹಾಕುತ್ತಿತ್ತು. ಅದನ್ನು ಕಡ್ಡಿಗೆ ಸುತ್ತಿ ದಿನಕ್ಕಿಷ್ಟಿಷ್ಟು ಎಳೆಯಬೇಕು. ಅವಸರಕ್ಕೆ ಹರಿದರೆ ಕಾಲೇ ಹೋದಂತೆ. ಕಳಕಮ್ಮನ ಮಗ ಹೇಮಪ್ಪನ ಕಾಲು ಹಾಗೇ ಹೋಯಿತು. ಕುಂಟೆ ಹೊಡೆಯುತ್ತಿದ್ದ ಗಟ್ಟಿ ಆಳು ಈಗ ಗೋಡೆ ಹಿಡಿದು ನಡೆಯುತ್ತಿದ್ದ. ಅವನ ಪುಟ್ಟ ಮಗಳು ಈಗಷ್ಟೇ ಅಂಗಳದ ತುಂಬ ಓಡಲು ಕಲಿತಿದ್ದಳು. ಆ ಕಾಲಿಗೆ ಹೀಗಾಗಬಾರದು, ಕಳಕಮ್ಮನಿಗೆ ಬೇಕಾದದ್ದು ಅಷ್ಟೇ.

ಊರ ಸ್ವಚ್ಛತೆ ನೋಡಿಕೊಳ್ಳುವ ಕಮಿಟಿಯ ಸಫಾಯಿ ದರೋಗಾ ಹೈದರಸಾಬ ಊರಿಗೆಲ್ಲ ಕಾರಣ ಹೇಳಿದ್ದ. ಹುಣ್ಣಿದ್ದವರು ಮೆಟ್ಟಿಲಿಳಿದು ಮೊಣಕಾಲುಮಟ ನೀರಿನಲ್ಲಿ ನಿಂತು ಕೊಡ ತುಂಬುತ್ತಾರೆ. ಹುಳದ ಮರಿ ನೀರಿಗೆ ಬೀಳುತ್ತದೆ. ಕುಡಿದವರಿಗೆ ಮುಂದಿನ ವರ್ಷ ಹುಣ್ಣು. ಮೆಟ್ಟಿಲು ಮುಚ್ಚಿ, ಮೇಲಿನಿಂದಲೇ ಹಗ್ಗದಲ್ಲಿ ಸೇದಬೇಕು. ಅವನು ಆಚೆ ದಂಡೆಗೆ ಹಗ್ಗ ಸೇದುವ ಗಡಗಡಿ ಹಾಕಿಸಿದ, ಮೆಟ್ಟಿಲು ಮುಚ್ಚಲಿಕ್ಕೆ ಕಲ್ಲನ್ನೂ ತರಿಸಿ ರಾಶಿ ಹಾಕಿಸಿದ. ಅಷ್ಟರಲ್ಲಿ ಕಮಿಟಿಯ ಅಧ್ಯಕ್ಷ ವಿರೂಪಾಕ್ಷಪ್ಪ ಸಾಹುಕಾರ ಅಡ್ಡಗಾಲು ಹಾಕಿದ. ಬಾವಿ ಅವನ ಅಪ್ಪ ಕಟ್ಟಿಸಿದ್ದು. ಅಮಾವಾಸ್ಯೆಗೊಮ್ಮೆ ನೀರಿಗಿಳಿದು ಗಂಗೆಗೆ ಪೂಜೆ ಮಾಡುವುದು ಆ ಮನೆತನದ ಪದ್ಧತಿ. ಕಲ್ಲು ಬಿದ್ದಲ್ಲೇ ಉಳಿಯಿತು. ಮೆಟ್ಟಿಲು ತೆರೆದಿರುವಾಗ ಹಗ್ಗ ಜಗ್ಗಿ ರಟ್ಟೆ ನೋಯಿಸಿಕೊಳ್ಳುವ ಹುಚ್ಚು ಯಾರಿಗಿದೆ?

"ಕಾಲು ತೋರಿಸಿ ಇಳೀರಿ," ಎಂದಳು ಕಳಕಮ್ಮ. "ಹುಣ್ಣಿದ್ದಾಕಿ ಇಳಿಯಂಗಿಲ್ಲ. ಗಡಗಡಿಗೆ ಹೋಗ್ರಿ."

ನೆರೆಮನೆಯ ದುರುಗವ್ವ ಸಿಡಿದಳು. "ನಿಮ್ಮಪ್ಪನ ಬಾವಿ ಏನ ಇದು?"

"ನಮ್ಮಪ್ಪಂದಲ್ಲವ್ವ. ನಿನ್ನ ಮಕ್ಕಳು ಕುಡಿಯೋ ಬಾವಿ."

ದುರುಗವ್ವನ ಸೀರೆಯಂಚಿನಡಿ ಅರಿವೆಪಟ್ಟಿ ಇಣುಕುತ್ತಿತ್ತು. ಅವಳು ಗೊಣಗುತ್ತ ಗಡಗಡಿಯತ್ತ ಹೋದಳು. ಉಳಿದವರು ಒಬ್ಬೊಬ್ಬರಾಗಿ ನಿರಿಗೆ ಎತ್ತಿ ಪಾದ ತೋರಿಸತೊಡಗಿದರು.

ಹೈದರಸಾಬ ಓಡಿಬಂದ. "ಅಮ್ಮಾ, ಏಳ್ರಿ. ಸಾವ್ಕಾರ್ರು ಪೂಜಾಕ್ಕ ಬರಾಕತ್ತ್ಯಾರ. ನನ್ನ ನೌಕರಿ ಹೋಗ್ತೈತಿ."

"ನೌಕರಿ ಹೋದ್ರ ಇನ್ನೊಂದು ಸಿಗ್ತೈತಪ್ಪ. ನನ್ನ ಹೇಮಪ್ಪನ ಕಾಲು ಸಿಗ್ತೈತೇನು?"

ಹೈದರಸಾಬ ಪಕ್ಕಕ್ಕೆ ಸರಿದು ನಿಂತ.

ಸಾಹುಕಾರ ಹಿಮ್ಮಡಿ ಮುಚ್ಚುವ ಧೋತರ ಉಟ್ಟು ಬಂದ. ಹಿಂದೆ ಪೂಜೆಯ ತಟ್ಟೆ ಹಿಡಿದು ಹೆಂಡತಿ ಬಸವಣ್ಣೆಮ್ಮ. ಕೊಡ ಹೊತ್ತವರೆಲ್ಲ ನಿಂತಲ್ಲೇ ನಿಂತರು.

"ಏ ಕಳಕವ್ವ, ದಾರಿ ಬಿಡು."

"ಕಾಲು ತೋರಿಸ್ರಿ, ಸಾವ್ಕಾರ್ರ."

"ನಮ್ಮಪ್ಪ ಕಟ್ಟಿಸಿದ ಬಾವಿ ಇದು! ನನ್ನ ಕಾಲು ಕೇಳಾಕ ನೀ ಯಾರು?"

"ಈ ನೀರು ಕುಡಿಯಾಕಿ."

"ಎತ್ತಿ ಆಚೆ ಒಗಸ್ತೀನಿ, ನೋಡು."

"ಒಗಸ್ರಿ. ನಾಳೆ ಮತ್ತ ಬಂದು ಕುಂದರ್ತೀನಿ." ಅವಳು ಮೆಟ್ಟಿಲಿನ ಅಂಚು ಹಿಡಿದು ಗಟ್ಟಿಯಾಗಿ ಕೂತಳು. "ಊರು ನೀರು ಕುಡೀಲಿ ಅಂತ ಕಟ್ಟಿಸ್ಯಾರ ನಿಮ್ಮಪ್ಪಾರು, ಊರು ಕುಂಟಲಿ ಅಂತ ಅಲ್ಲ. ಇಷ್ಟು ಹೆಣ್ಣುಮಕ್ಕಳು ನಿರಿಗಿ ಎತ್ತಿ ಕಾಲು ತೋರಿಸ್ಯಾರ. ನಿಮ್ಮ ಧೋತರಕ್ಕೇನಾಗೈತಿ?"

ಎಲ್ಲರನ್ನೂ ಕೇಳಿದ್ದನ್ನೇ ಅವನನ್ನೂ ಕೇಳಿದ್ದಳು, ಅವಳ ಮನಸ್ಸಿನಲ್ಲಿ ಬೇರೇನೂ ಇರಲಿಲ್ಲ. ಆದರೆ ಸಾಹುಕಾರನ ಕೈ ತಾನಾಗಿಯೇ ಧೋತರವನ್ನು ಕೆಳಕ್ಕೆ ಜಗ್ಗಿತು. ನೆರೆದವರಿಗೆಲ್ಲ ಅದು ಕಂಡಿತು. ಒಬ್ಬರೂ ನಗಲಿಲ್ಲ.

ಬಸವಣ್ಣೆಮ್ಮ ತಟ್ಟೆಯನ್ನು ನೆಲಕ್ಕಿಟ್ಟಳು. ಗಂಡನ ಎದುರು ಅವಳು ದನಿ ತೆಗೆದದ್ದನ್ನು ಆ ಊರು ಕೇಳಿರಲಿಲ್ಲ.

"ಇವರ ಎಡಗಾಲಾಗ ಐತಿ ಹುಣ್ಣು. ದಿನಾ ಮುಂಜಾನೆ ಹುಳ ಕಡ್ಡಿಗೆ ಸುತ್ತಾಕಿ ನಾನು. ನೀರಿಗೆ ಇಳಿಬ್ಯಾಡ್ರಿ ಅಂದ್ರ ಅಪ್ಪನ ಪದ್ಧತಿ ಅಂತಾರ. ನಮ್ಮ ಮನ್ಯಾಗ ಕುಡಿಯೋದೂ ಇದ ನೀರು."

ಹಾಗೆಂದವಳೇ ಸೆರಗು ಸಿಕ್ಕಿಸಿ, ಬಿದ್ದಿದ್ದ ಕಲ್ಲುಗಳಲ್ಲಿ ಒಂದನ್ನು ಎತ್ತಿ ತಂದಳು. ಕಳಕಮ್ಮ ಎದ್ದು ಜಾಗ ಕೊಟ್ಟಳು. ಕಲ್ಲು ಮೆಟ್ಟಿಲ ಮೇಲೆ ಕೂತಿತು. ದುರುಗವ್ವ ಹಗ್ಗ ಬಿಟ್ಟು ಬಂದು ಎರಡನೆಯದನ್ನು ಇಟ್ಟಳು. ಹೈದರಸಾಬ ಟೊಪ್ಪಿಗೆ ತೆಗೆದಿಟ್ಟು ತೋಳು ಮಡಚಿದ.

ವಿರೂಪಾಕ್ಷಪ್ಪ ಕಲ್ಲಿನ ರಾಶಿಗೂ ಬಾವಿಗೂ ನಡುವೆ ನಿಂತೇ ಇದ್ದ. ಕಳಕಮ್ಮ ಅವನೆದುರು ಬಂದು ನಿಂತಳು.

"ಸರೀರಿ, ಸಾವ್ಕಾರ್ರ. ಕಲ್ಲು ತರಬೇಕು."

ಅವನು ಸರಿದ.